ಇಳಿಜಾರಿಗೊಂದು ಸಾಕ್ಷಿ ಬೇಕು

ಕ್ಯಾಮೆರಾ ಅಂಕಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಏರು, ಇಳಿಜಾರು ಮತ್ತು ಬಣ್ಣದ ಏರಿಳಿತಗಳ ಬಗ್ಗೆಯೇ ಇವೆ. ಇದು ನನ್ನ ಮನಸ್ಸಿಗೆ ಹತ್ತಿರದ ವಿಷಯ. ಕ್ಯಾಮೆರಾ ಹಿಡಿಯುವ ಮೊದಲು ನಾನು ಕೃಷ್ಣಾ ಕಣಿವೆಯ ಕಾಲುವೆಗಳ ಮೇಲೆ ಸರ್ವೆ ಕೆಲಸ ಮಾಡಿದವನು. ಲೆವೆಲ್ ಯಂತ್ರಕ್ಕೆ ಕಣ್ಣಿಟ್ಟು, ದೂರದಲ್ಲಿ ಹುಡುಗ ಹಿಡಿದು ನಿಂತ ಅಳತೆಪಟ್ಟಿಯ ಅಂಕಿ ಓದಿ, ನೆಲ ಎಷ್ಟು ದೂರಕ್ಕೆ ಎಷ್ಟು ಇಳಿಯಿತು ಎಂದು ಪುಸ್ತಕದಲ್ಲಿ ಬರೆದುಕೊಳ್ಳುವುದೇ ದಿನವಿಡೀ ಕೆಲಸ. ದೊಡ್ಡ ಕಾಲುವೆಯ ತಳ ಒಂದು ಕಿಲೋಮೀಟರಿಗೆ ಗೇಣುದ್ದ ಇಳಿದರೂ ನೀರು ಹರಿಯುತ್ತದೆ. ಬರಿಗಣ್ಣಿಗೆ ಅದು ಪೂರ್ತಿ ಸಪಾಟು. ಇಳಿಜಾರಿನ ವಿಷಯದಲ್ಲಿ ಕಣ್ಣಿನ ಮಾತನ್ನು ಅಳತೆಯಿಲ್ಲದೆ ಒಪ್ಪಬಾರದು ಎಂಬುದನ್ನು ನಾನು ಕಲಿತದ್ದು ಅಲ್ಲಿ.

ಪ್ರಶ್ನೆ: ಯಾದಗಿರಿ ಕೋಟೆಯ ಬೆಟ್ಟ ಹತ್ತುವಾಗ ಏದುಸಿರು ಬರುತ್ತದೆ. ಆದರೆ ಮೊಬೈಲಿನಲ್ಲಿ ತೆಗೆದ ಚಿತ್ರದಲ್ಲಿ ಅದೇ ದಾರಿ ಸಪಾಟಾಗಿ ಕಾಣುತ್ತದೆ. ತರಗತಿಯಲ್ಲಿ ತೋರಿಸಿದರೆ ಮಕ್ಕಳು "ಇಷ್ಟೇನಾ ಸರ್?" ಎನ್ನುತ್ತಾರೆ. ದೋಷ ಮೊಬೈಲಿನದೋ, ನನ್ನದೋ?
— ಪ್ರೌಢಶಾಲಾ ಶಿಕ್ಷಕರು, ಯಾದಗಿರಿ

ಉತ್ತರ: ಇಬ್ಬರದೂ ಅಲ್ಲ ಗುರುಗಳೇ. ಮೊಬೈಲು ನಿಜವನ್ನೇ ಹೇಳುತ್ತಿದೆ, ಹೆಚ್ಚು ಮಾಡಿ ಹೇಳುತ್ತಿರುವುದು ನಮ್ಮ ಕಣ್ಣು. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಡೆನ್ನಿಸ್ ಪ್ರಾಫಿಟ್ ಮತ್ತು ಸಂಗಡಿಗರು ಜನರನ್ನು ಗುಡ್ಡದ ಬುಡದಲ್ಲಿ ನಿಲ್ಲಿಸಿ, ಏರು ಎಷ್ಟು ಡಿಗ್ರಿ ಇರಬಹುದು ಎಂದು ಕೇಳಿ, ಫಲಿತಾಂಶವನ್ನು 1995ರಲ್ಲಿ ಪ್ರಕಟಿಸಿದರು. 5 ಡಿಗ್ರಿಯ ಏರನ್ನು ಜನ ಸುಮಾರು 20 ಡಿಗ್ರಿ ಎಂದಿದ್ದರು. 10 ಡಿಗ್ರಿಯದನ್ನು 30 ಎಂದಿದ್ದರು. ಓಡಿ ದಣಿದು ಬಂದವರಿಗೆ ಅದೇ ಗುಡ್ಡ ಇನ್ನೂ ಕಡಿದಾಗಿ ಕಂಡಿತ್ತು. ನೀವು ಕೋಟೆಯ ಅರ್ಧ ದಾರಿಯಲ್ಲಿ ಸೊಂಟಕ್ಕೆ ಕೈಯಿಟ್ಟು ಮೇಲೆ ನೋಡಿದಾಗ ಕಂಡ ಬೆಟ್ಟ ಕಾಲು, ಎದೆ, ಕಣ್ಣು ಮೂರೂ ಸೇರಿ ಕಟ್ಟಿದ್ದು. ಕ್ಯಾಮೆರಾಕ್ಕೆ ಕಾಲು ನೋಯುವುದಿಲ್ಲ.

ಅಂಕಿಗಳನ್ನು ಒಮ್ಮೆ ನೋಡಿ. ಹತ್ತು ಅಡಿ ಮುಂದೆ ಹೋಗುವಷ್ಟರಲ್ಲಿ ಒಂದಡಿ ಏರಿದರೆ ಅದು ಆರು ಡಿಗ್ರಿಗೂ ಕಡಿಮೆ. ತುಂಬಿದ ಲಾರಿ ಗೇರು ಇಳಿಸಿ ಮುಲುಗುತ್ತ ಹತ್ತುವ ರಸ್ತೆ ಇಷ್ಟೇ ಇರುತ್ತದೆ. ಮೆಟ್ಟಿಲಿನ ಅಗಲ ಒಂದಡಿ, ಎತ್ತರ ಅರ್ಧ ಅಡಿ ಇರುವ ಮನೆಯ ಮೆಟ್ಟಿಲಸಾಲು ಸುಮಾರು 27 ಡಿಗ್ರಿ. ಹತ್ತಡಿಗೆ ಹತ್ತಡಿ ಏರಿದರೆ 45 ಡಿಗ್ರಿ, ಅಂದರೆ ನೂರಕ್ಕೆ ನೂರು. ಕೈಯೂರದೆ ಅದನ್ನು ಹತ್ತುವುದು ಬಹಳ ಕಷ್ಟ. ನಾವು "ಗೋಡೆಯ ಹಾಗಿತ್ತು" ಎಂದು ಬಣ್ಣಿಸುವ ದಾರಿಗಳೆಲ್ಲ ಕಾಗದದ ಮೇಲೆ ಎಳೆದರೆ ಸಣ್ಣ ಓರೆಗೆರೆಗಳು. ಚಿತ್ರದಲ್ಲಿ ಬರುವುದು ಆ ಗೆರೆಯೇ.

ಆದ್ದರಿಂದ ಇಳಿಜಾರಿನ ಚಿತ್ರಕ್ಕೆ ಒಂದು ಸಾಕ್ಷಿ ಬೇಕು. ನೆಟ್ಟಗೆ ನಿಂತದ್ದು ಏನಾದರೂ ಚೌಕಟ್ಟಿನೊಳಗೆ ಇರಬೇಕು: ವಿದ್ಯುತ್ ಕಂಬ, ಕೋಟೆಯ ಬಾಗಿಲಿನ ಅಂಚು, ಕೊಡ ಹೊತ್ತು ನಿಂತ ಹೆಂಗಸು. ಏರಿನ ಮೇಲೆ ನಿಂತ ಮನುಷ್ಯ ನೆಲಕ್ಕೆ ಲಂಬವಾಗಿ ನಿಲ್ಲುವುದಿಲ್ಲ, ಭೂಮಿಯ ಸೆಳೆತಕ್ಕೆ ತಕ್ಕಂತೆ ನಿಲ್ಲುತ್ತಾನೆ. ಅವನ ಮೈಗೂ ಕಾಲಡಿಯ ನೆಲಕ್ಕೂ ನಡುವೆ ಮೂಡುವ ಓರೆಯಲ್ಲಿಯೇ ನೋಡುವವನು ಏರನ್ನು ಓದುತ್ತಾನೆ. ಯಾದಗಿರಿಯ ಬೆಟ್ಟದಲ್ಲಿ ಈ ಮಾತು ಇನ್ನೂ ಮುಖ್ಯ. ಅಲ್ಲಿರುವುದು ದುಂಡಾದ ಗ್ರಾನೈಟ್ ಬಂಡೆಗಳು. ದುಂಡಗಿನ ಬಂಡೆಗೆ ನೇರ ಅಂಚಿಲ್ಲ. ಮೇಲು ಯಾವುದು, ಓರೆ ಎಷ್ಟು ಎಂಬ ಗುರುತನ್ನೇ ಅದು ಕೊಡುವುದಿಲ್ಲ. ಬಂಡೆಗಳಷ್ಟೇ ತುಂಬಿದ ಚಿತ್ರ ಸಪಾಟಾಗಿ ಕಾಣುವುದಕ್ಕೆ ಇದೇ ಕಾರಣ. ಕೋಟೆಯ ಗೋಡೆ ಬಂಡೆಯ ಮೇಲೆ ಕೂತಿರುವ ಜಾಗಗಳನ್ನು ಹುಡುಕಿ. ಗೌಂಡಿ ಕಲ್ಲಿನ ವರಸೆಗಳನ್ನು ಸಮಮಟ್ಟಕ್ಕೆ ಇಟ್ಟಿರುವ ಕಡೆ, ಕೆಳಗಿನ ಬಂಡೆ ಆ ವರಸೆಗಳನ್ನು ಓರೆಯಾಗಿ ಕತ್ತರಿಸುತ್ತ ಹೋಗುತ್ತದೆ. ಅಂಥ ಒಂದು ಮೂಲೆ ಸಿಕ್ಕಿದರೆ ಮನುಷ್ಯನೂ ಬೇಕಾಗಿಲ್ಲ.

ಎರಡನೆಯದು, ನಿಲ್ಲುವ ಜಾಗ. ಬುಡದಲ್ಲಿ ನಿಂತು ಮೊಬೈಲನ್ನು ಮೇಲಕ್ಕೆತ್ತಿ ತೆಗೆದರೆ ಏರು ಸಾಯುತ್ತದೆ. ಮೊಬೈಲಿನ ಮುಖ್ಯ ಲೆನ್ಸ್ ಅಗಲ ನೋಟದ್ದು. ಹತ್ತಿರದ ಕಲ್ಲನ್ನು ದೊಡ್ಡದು ಮಾಡಿ ತುದಿಯ ಬುರುಜನ್ನು ಎಲ್ಲೋ ದೂರಕ್ಕೆ ತಳ್ಳುತ್ತದೆ. ದಾರಿಯನ್ನು ಪಕ್ಕದಿಂದ ನೋಡುವ ತಿರುವಿಗೆ ಬನ್ನಿ, ಅಥವಾ ಊರೊಳಗಿನ ಯಾವುದಾದರೂ ಮಾಳಿಗೆಗೆ ಹೋಗಿ ಎರಡು ಮೂರು ಪಟ್ಟು ಝೂಮ್ ಹಾಕಿ. ದೂರದಿಂದ ಝೂಮ್ ಮಾಡಿದಾಗ ಬುಡ ಮತ್ತು ತುದಿ ಎರಡೂ ನಿಮ್ಮಿಂದ ಹೆಚ್ಚು ಕಡಿಮೆ ಒಂದೇ ದೂರದಲ್ಲಿ ಇರುವುದರಿಂದ ಬೆಟ್ಟ ತನ್ನ ನಿಜವಾದ ಎತ್ತರದಲ್ಲಿ ಎದ್ದು ನಿಲ್ಲುತ್ತದೆ. ಹತ್ತುವವರ ಸಾಲು ಒಂದರ ಮೇಲೊಂದು ಪೇರಿಸಿದಂತೆ ಬರುತ್ತದೆ.

ಬೆಳಕಿನ ಬಗ್ಗೆ ಒಂದು ಮಾತು. ನಮ್ಮ ಕಡೆ ಮೇ ತಿಂಗಳ ಮೊದಲ ಅರ್ಧದಲ್ಲಿ ಮತ್ತು ಆಗಸ್ಟ್ ಆರಂಭದಲ್ಲಿ ನಡುಹಗಲಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಆಗ ಯಾವ ಬಂಡೆಗೂ ಹೊರಗೆ ಚಾಚುವ ನೆರಳಿಲ್ಲ. ಡಿಸೆಂಬರಿನಲ್ಲಿ ಹಾಗಲ್ಲ. ನಡುಮಧ್ಯಾಹ್ನದಲ್ಲೂ ಅವನು ದಕ್ಷಿಣದಲ್ಲಿ 50 ಡಿಗ್ರಿಯ ಆಚೀಚೆಯೇ ಇರುತ್ತಾನೆ, ಉತ್ತರಕ್ಕೆ ಇಳಿಯುವ ಕಡಿದಾದ ಮೈಗಳ ಮೇಲೆ ಬೆಳಕು ಸವರಿಕೊಂಡು ಹೋಗುತ್ತದೆ, ಕಲ್ಲು ಕಲ್ಲಿಗೂ ನೆರಳು ಬೀಳುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗುವುದಿದ್ದರೆ ಆಗಲೇ ಹೋಗಿ. ಬಿಸಿಲಿನ ತಾಪವೂ ಇರುವುದಿಲ್ಲ.

ಪ್ರಶ್ನೆ: ಕ್ಯಾಮೆರಾವನ್ನು ಸ್ವಲ್ಪ ಓರೆ ಹಿಡಿದರೆ ಎಂಥ ದಾರಿಯೂ ಕಡಿದಾಗಿ ಕಾಣುತ್ತದೆ. ನನ್ನ ಗೆಳೆಯರೆಲ್ಲ ಹಾಗೆಯೇ ತೆಗೆಯುತ್ತಾರೆ. ತಪ್ಪೇ?
— ಪದವಿ ವಿದ್ಯಾರ್ಥಿ, ಸುರಪುರ

ಉತ್ತರ: ತಪ್ಪು. ದಾರಿ ಹೀಗಿತ್ತು ಎಂದು ತೋರಿಸಲು ತೆಗೆದ ಚಿತ್ರದಲ್ಲಿ ಅದು ಸುಳ್ಳು, ಆ ಸುಳ್ಳು ಬೇಗನೆ ಸಿಕ್ಕಿಬೀಳುತ್ತದೆ. ಕಂಬಗಳು ವಾಲಿರುತ್ತವೆ, ಎಮ್ಮೆಯ ಕಾಲುಗಳು ಓರೆಯಾಗಿರುತ್ತವೆ, ಕೆರೆಯ ನೀರು ಒಂದು ಕಡೆಗೆ ಚೆಲ್ಲುವಂತೆ ಕಾಣುತ್ತದೆ. ಸುರಪುರ ಗುಡ್ಡಗಳ ನಡುವಿನ ಊರು, ನಿಮಗೆ ಸುಳ್ಳು ಏರು ಯಾಕೆ ಬೇಕು? ಮೊಬೈಲಿನ ಕ್ಯಾಮೆರಾ ಸೆಟ್ಟಿಂಗಿನಲ್ಲಿ ಚೌಕುಳಿ ಗೆರೆಗಳನ್ನೂ ಮಟ್ಟದ ಗೆರೆಯನ್ನೂ ತೆರೆದಿಡಿ. ಮನೆಯ ಮೂಲೆಯನ್ನು ಆ ಗೆರೆಗೆ ಕೂಡಿಸಿ ತೆಗೆಯಿರಿ. ಓಣಿ ಎಷ್ಟು ಏರುತ್ತದೆಯೋ ಅಷ್ಟು ಏರಲಿ.

ಪ್ರಶ್ನೆ: ಬೀದರಿನಲ್ಲಿ ರಸ್ತೆಗಾಗಿ ಕಡಿದ ಕೆಂಪು ದರೆಗಳನ್ನು, ಕೋಟೆಯ ಕಂದಕವನ್ನು ತೆಗೆದಾಗ ಎಲ್ಲ ಒಂದೇ ಕೆಂಪಾಗಿ ಮೆತ್ತಿಕೊಳ್ಳುತ್ತದೆ. ಕೆಲವೊಮ್ಮೆ ಕೆಂಪೇ ಇಲ್ಲದೆ ಕಂದು ಬಣ್ಣ ಬರುತ್ತದೆ. ಮೇಲಿನಿಂದ ಕೆಳಗೆ ಬಣ್ಣ ಬದಲಾಗುತ್ತ ಹೋಗುವುದು ಕಣ್ಣಿಗೆ ಕಾಣುತ್ತದೆ, ಚಿತ್ರದಲ್ಲಿ ಇಲ್ಲ.
— ಭೂವಿಜ್ಞಾನ ವಿದ್ಯಾರ್ಥಿನಿ, ಬೀದರ್

ಉತ್ತರ: ಎಂಥ ಒಳ್ಳೆಯ ಜಾಗದಲ್ಲಿ ಇದ್ದೀ ತಂಗಿ! ಬೀದರ್ ಊರು ಕೂತಿರುವುದೇ ಜಂಬಿಟ್ಟಿಗೆ ಕಲ್ಲಿನ ಹಾಸಿನ ಮೇಲೆ. ನಿನ್ನ ಪಾಠದಲ್ಲಿ ಇದೆಲ್ಲ ಬಂದಿರುತ್ತದೆ, ಉಳಿದ ಓದುಗರಿಗಾಗಿ ಹೇಳುತ್ತೇನೆ. ದಖ್ಖಣದ ಕಪ್ಪು ಬಸಾಲ್ಟ್ ಕಲ್ಲು ಮಳೆ ಬಿಸಿಲಿಗೆ ಲಕ್ಷಾಂತರ ವರ್ಷ ಕೊಳೆತು, ಅದರೊಳಗಿನ ಸುಲಭವಾಗಿ ಕರಗುವ ಅಂಶಗಳು ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದು ಈ ಕೆಂಪು ಕಲ್ಲಾಗಿದೆ. ಚೆನ್ನಾಗಿ ಕಡಿದ ದರೆಯಲ್ಲಿ ಮೇಲೆ ಗಟ್ಟಿಯಾದ ಕಡುಗಂದು ಪದರ, ಅದರ ಕೆಳಗೆ ಕೆಂಪು ಹಳದಿಗಳ ತೂತು ತೂತಾದ ಕಲ್ಲು, ಇನ್ನೂ ಕೆಳಗೆ ಬಿಳಿ ನೇರಳೆ ಛಾಯೆಯ ಜೇಡಿ, ತೀರ ಕೆಳಗೆ ಮೂಲದ ಕಪ್ಪು ಕಲ್ಲು. ಕೆಂಪು ಹೆಮಟೈಟಿನದು, ಹಳದಿ ಗೋಥೈಟಿನದು, ಎರಡೂ ಕಬ್ಬಿಣವೇ. ಒಂದು ಪದರ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಬರುವುದಿಲ್ಲ. ಒಂದು ಇನ್ನೊಂದರೊಳಗೆ ಇಳಿಯುತ್ತದೆ. ಇದೂ ಒಂದು ಇಳಿಜಾರು, ಬಣ್ಣದ ಇಳಿಜಾರು. ನೆಲದ ಇಳಿಜಾರಿನಲ್ಲಿ ಕೇಳುವ ಪ್ರಶ್ನೆಯನ್ನೇ ಇಲ್ಲಿಯೂ ಕೇಳು: ಎಷ್ಟು ದೂರಕ್ಕೆ ಎಷ್ಟು ಬದಲಾಯಿತು?

ಈಗ ನಿನ್ನ ತೊಂದರೆ. ಕಂದು ಬಣ್ಣ ಬರುವುದು ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿನ ಬಣ್ಣವನ್ನು ಸರಿದೂಗಿಸುವ ಏರ್ಪಾಡು, ತಾನಾಗಿ ಕೆಲಸ ಮಾಡುವುದರಿಂದ. ಚೌಕಟ್ಟೆಲ್ಲ ಕೆಂಪು ತುಂಬಿದಾಗ ಕ್ಯಾಮೆರಾ ಅದನ್ನು ಬೆಳಕಿನ ದೋಷವೆಂದು ತಿಳಿದು ಕೆಂಪನ್ನು ಕಳೆದುಬಿಡುತ್ತದೆ. ಅದನ್ನು ಬಿಸಿಲಿನ ಗುರುತಿಗೆ, ಅಂದರೆ 5200ರಿಂದ 5500 ಕೆಲ್ವಿನ್‌ಗೆ ಕಟ್ಟಿಹಾಕು. ದರೆಯ ಮುಂದೆ ಬಿಳಿ ಹಾಳೆ ಇಟ್ಟು ಒಂದು ಚಿತ್ರ ಬೇರೆಯಾಗಿ ತೆಗೆದುಕೊಂಡರೆ ಆಮೇಲೆ ಬಣ್ಣ ತಾಳೆ ನೋಡಲು ಬರುತ್ತದೆ. ಇಲ್ಲಿಯೂ ಸಾಕ್ಷಿಯೇ, ಬಣ್ಣಕ್ಕೆ ಸಾಕ್ಷಿ.

ಎಲ್ಲ ಒಂದೇ ಕೆಂಪಾಗಿ ಮೆತ್ತಿಕೊಳ್ಳುವುದು ಬೇರೆ ಕಾರಣಕ್ಕೆ. ಸಂಜೆಯ ಬೆಳಕೂ ಕೆಂಪು, ಕಲ್ಲೂ ಕೆಂಪು. ಕ್ಯಾಮೆರಾದ ಕೆಂಪು ಪಾಲು ತನ್ನ ಮಿತಿಗೆ ಹೋಗಿ ನಿಂತುಬಿಡುತ್ತದೆ, ಹಸಿರು ಮತ್ತು ನೀಲಿ ಇನ್ನೂ ಕೆಳಗೇ ಇರುತ್ತವೆ. ಒಟ್ಟು ಬೆಳಕು ತೋರಿಸುವ ನಕ್ಷೆಯಲ್ಲಿ (ಹಿಸ್ಟೋಗ್ರಾಂ) ಎಲ್ಲ ಸರಿಯಾಗಿಯೇ ಕಾಣುತ್ತದೆ, ಮೂರು ಬಣ್ಣಗಳ ನಕ್ಷೆಯನ್ನು ಬೇರೆ ಬೇರೆಯಾಗಿ ನೋಡಿದರೆ ಕೆಂಪು ಬಲತುದಿಗೆ ಅಂಟಿಕೊಂಡಿರುವುದು ತಿಳಿಯುತ್ತದೆ. ಎಕ್ಸ್‌ಪೋಶರನ್ನು ಮುಕ್ಕಾಲು ಅಥವಾ ಒಂದು ಹಂತ ಇಳಿಸು. ಇನ್ನೂ ಒಳ್ಳೆಯ ದಾರಿಯೆಂದರೆ ತೆಳುಮೋಡದ ದಿನ, ಮಳೆ ಬಿದ್ದು ನಿಂತ ಮೇಲೆ ಹೋಗುವುದು. ಒದ್ದೆ ಕಲ್ಲಿನಲ್ಲಿ ಹಳದಿ ಬೇರೆ, ಕೆಂಪು ಬೇರೆ, ನೇರಳೆ ಬೇರೆ ಎಂದು ಎದ್ದು ಕಾಣುತ್ತದೆ. ಕಂದಕದ ಅಂಚಿನಲ್ಲಿ ಮಾತ್ರ ಒದ್ದೆ ಕಲ್ಲಿನ ಮೇಲೆ ಕಾಲಿಡಬೇಡ.

ಕಂದಕದಲ್ಲಿ ಮತ್ತೊಂದು ಸೊಗಸಿದೆ. ಕೋಟೆಯ ದಕ್ಷಿಣ ಭಾಗದಲ್ಲಿ ಮೂರು ಕಂದಕಗಳನ್ನು ಈ ಕಲ್ಲಿನಲ್ಲಿಯೇ ಕಡಿದು, ನಡುವೆ ಕಲ್ಲಿನ ಗೋಡೆಗಳನ್ನು ಹಾಗೆಯೇ ಉಳಿಸಿದ್ದಾರೆ. ಅಗೆದಾಗ ಮೆದುವಾಗಿದ್ದು ಗಾಳಿ ಬಿಸಿಲಿಗೆ ಗಟ್ಟಿಯಾಗುವುದು ಈ ಕಲ್ಲಿನ ಗುಣ. ಕಡಿದ ಮುಖಕ್ಕೆ ಬೆಳಗಿನ ಓರೆ ಬೆಳಕು ಬಿದ್ದಾಗ ಒಂದೊಂದು ತೂತಿನಲ್ಲಿಯೂ ಕಪ್ಪು ನಿಲ್ಲುತ್ತದೆ. ಒಂದು ಗೇಣಿನಷ್ಟು ಜಾಗಕ್ಕೆ ಕ್ಯಾಮೆರಾ ಹತ್ತಿರ ತಂದು ನೋಡು: ತೂತಿನ ಅಂಚು ಇಟ್ಟಿಗೆಗೆಂಪು, ಒಳಗೋಡೆ ಅರಿಶಿನ, ತಳದಲ್ಲಿ ಬಿಳಿಯ ಜೇಡಿ. ಇಡೀ ದರೆಯ ಬಣ್ಣದ ಸಾಲು ಅಷ್ಟರಲ್ಲಿಯೇ ಇದೆ.

ಊರಿನ ಪೂರ್ವಕ್ಕೆ, ಅಷ್ಟೂರಿಗೆ ಇಳಿಯುವ ದಾರಿಯನ್ನು ಮರೆಯಬೇಡ. ಹಾಸಿನ ಅಂಚಿನಿಂದ ಬಹಮನಿ ಸುಲ್ತಾನರ ಗುಮ್ಮಟಗಳ ಸಾಲು ಕೆಳಗೆ ಕಾಣುತ್ತದೆ. ಕಾಲ ಬಳಿ ಕೆಮ್ಮಣ್ಣು, ಕಣಿವೆಯಲ್ಲಿ ಎರೆಮಣ್ಣು. ಮಳೆಗಾಲ ಮುಗಿದ ಕೂಡಲೇ, ಧೂಳು ಏಳುವ ಮೊದಲು ಹೋಗು. ಕೆಂಪಿನಿಂದ ಕಪ್ಪಿಗೆ, ಕಪ್ಪಿನಿಂದ ದೂರದ ನೀಲಿಗೆ ಇಳಿಯುವ ಇಂಥ ನೋಟ ನಮ್ಮ ಮೂರು ಜಿಲ್ಲೆಗಳಲ್ಲಿ ನಾನು ಬೇರೆಡೆ ಕಂಡಿಲ್ಲ.

ಪ್ರಶ್ನೆ: ಶಹಾಪುರದ ಮಲಗಿದ ಬುದ್ಧನ ಬೆಟ್ಟವನ್ನು ತೆಗೆದರೆ ಬುದ್ಧ ಕಾಣುವುದಿಲ್ಲ, ಬರೀ ಗುಡ್ಡ ಕಾಣುತ್ತದೆ. ಯಾಕೆ?
— ಬಸ್ ನಿರ್ವಾಹಕರು, ಶಹಾಪುರ

ಉತ್ತರ: ಆ ಆಕಾರ ಇರುವುದು ಅಂಚಿನ ಗೆರೆಯಲ್ಲಿ, ಬೆಟ್ಟದ ಮೈಯಲ್ಲಿ ಅಲ್ಲ. ಹಲವು ಗುಡ್ಡಗಳು ಒಂದರ ಪಕ್ಕ ಒಂದು ಕೂಡಿಕೊಂಡಾಗ ಹಣೆ, ಮೂಗು, ಎದೆ ಮೂಡುತ್ತವೆ. ನೀವು ರಸ್ತೆಯಲ್ಲಿ ಅರ್ಧ ಕಿಲೋಮೀಟರ್ ಸರಿದರೂ ಆ ಕೂಡಿಕೆ ಬದಲಾಗುತ್ತದೆ. ದಿನಾಲೂ ಬಸ್ಸಿನಿಂದ ನೋಡುವವರಾದ್ದರಿಂದ ಮುಖ ಸರಿಯಾಗಿ ಕೂಡುವ ಜಾಗ ನಿಮಗಿಂತ ಚೆನ್ನಾಗಿ ಯಾರಿಗೂ ತಿಳಿದಿರಲಾರದು. ರಜೆಯ ದಿನ ಅಲ್ಲಿಗೇ ಹೋಗಿ. ಬೆಟ್ಟದ ಹಿಂದಿನ ಆಕಾಶ ಬೆಳಗಿ, ಬೆಟ್ಟ ಕಪ್ಪಾಗಿರುವ ಹೊತ್ತು ಬೇಕು. ಆಕಾಶವನ್ನು ಮುಟ್ಟಿ ಬೆಳಕಿನ ಅಳತೆ ಹಿಡಿಯಿರಿ, ಝೂಮ್ ಹಾಕಿ, ಎಚ್‌ಡಿಆರ್ ಆಯ್ಕೆಯನ್ನು ಬಂದ್ ಮಾಡಿ. ಎಚ್‌ಡಿಆರ್ ಬೆಟ್ಟದ ಕಲ್ಲು ಗಿಡಗಳನ್ನೆಲ್ಲ ಬೆಳಗಿಸಿ ಬುದ್ಧನನ್ನು ಮರೆಮಾಡುತ್ತದೆ.

ಪ್ರಶ್ನೆ: ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿದೆವು. ಸಂಜೆ ತೊಗರಿ ಹೊಲದ ಮೇಲಿನ ಆಕಾಶ ತೆಗೆದು ವಾಟ್ಸಾಪಿನಲ್ಲಿ ತಮ್ಮನಿಗೆ ಕಳಿಸಿದೆ. ಅವನಿಗೆ ತಲುಪಿದ ಚಿತ್ರದಲ್ಲಿ ಆಕಾಶದ ತುಂಬ ಪಟ್ಟೆ ಪಟ್ಟೆ ಗೆರೆಗಳು. ಫೋನು ಕೆಟ್ಟಿದೆಯೇ?
— ಗೃಹಿಣಿ, ಆಳಂದ ತಾಲ್ಲೂಕು, ಕಲಬುರಗಿ

ಉತ್ತರ: ಫೋನು ಚೆನ್ನಾಗಿದೆ ತಾಯಿ. ಆಕಾಶದ ಬಣ್ಣ ಇಳಿಜಾರಿನಂತೆ ಒಂದೇ ಸಮನೆ ಇಳಿಯುತ್ತದೆ, ಚಿತ್ರದ ಕಡತ ಅದನ್ನು ಮೆಟ್ಟಿಲು ಮಾಡಿ ಬರೆದುಕೊಳ್ಳುತ್ತದೆ. ಸಾಮಾನ್ಯ ಜೆಪೆಗ್ ಕಡತದಲ್ಲಿ ಪ್ರತಿ ಮೂಲಬಣ್ಣಕ್ಕೆ 256 ಮೆಟ್ಟಿಲುಗಳು. ಸಂಜೆಯ ಆಕಾಶದ ಒಂದು ಭಾಗದಲ್ಲಿ ನೀಲಿ 150ರಿಂದ 190ರವರೆಗೆ ಮಾತ್ರ ಬದಲಾಯಿತು ಎನ್ನಿ. ಆ ಭಾಗ ಚಿತ್ರದಲ್ಲಿ 2000 ಚುಕ್ಕೆಗಳಷ್ಟು ಎತ್ತರವಿದ್ದರೆ, ಇರುವ ನಲವತ್ತು ಮೆಟ್ಟಿಲುಗಳನ್ನೇ ಅಷ್ಟಕ್ಕೂ ಹಂಚಬೇಕು. ಒಂದೊಂದು ಮೆಟ್ಟಿಲು 50 ಚುಕ್ಕೆಗಳಷ್ಟು ಅಗಲವಾಗುತ್ತದೆ. ವಾಟ್ಸಾಪ್ ಕಳಿಸುವಾಗ ಚಿತ್ರವನ್ನು ಇನ್ನಷ್ಟು ಒತ್ತಿ ಚಿಕ್ಕದು ಮಾಡುತ್ತದೆ, ನುಣುಪಾದ ಜಾಗಗಳ ಸಣ್ಣ ವ್ಯತ್ಯಾಸಗಳನ್ನು ಎಸೆಯುತ್ತದೆ. ಆಗ ಮೆಟ್ಟಿಲಿನ ಅಂಚು ಕಣ್ಣಿಗೆ ಹೊಡೆಯುತ್ತದೆ. ತೊಗರಿ ಹೊಲದಲ್ಲಿ ಇದು ಕಾಣುವುದಿಲ್ಲ. ಎಲೆ, ಕಾಯಿ, ನೆರಳುಗಳ ಗದ್ದಲದಲ್ಲಿ ಮೆಟ್ಟಿಲುಗಳು ಮುಚ್ಚಿಹೋಗುತ್ತವೆ.

ಚಿತ್ರವನ್ನು ಫೋಟೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ, ಇದ್ದಂತೆಯೇ ಹೋಗುತ್ತದೆ. ಆಕಾಶಕ್ಕೆ ರಂಗು ಹೆಚ್ಚಿಸುವ ಫಿಲ್ಟರುಗಳನ್ನು ಹಾಕಬೇಡಿ. ಅವು ಇರುವ ಮೆಟ್ಟಿಲುಗಳನ್ನು ಹಿಗ್ಗಿಸುತ್ತವೆ, ಹೊಸ ಮೆಟ್ಟಿಲು ಕೊಡುವುದಿಲ್ಲ. ನಿಮ್ಮ ಫೋನಿನಲ್ಲಿ ರಾ (ಕ್ಯಾಮೆರಾ ಕಂಡದ್ದನ್ನು ಸಂಸ್ಕರಿಸದೆ ಉಳಿಸುವ ಕಡತ) ಎಂಬ ಆಯ್ಕೆ ಇದ್ದರೆ ಆಕಾಶಕ್ಕಾಗಿ ಅದನ್ನು ಬಳಸಿ. 12 ಬಿಟ್ ಕಡತದಲ್ಲಿ ಮೆಟ್ಟಿಲುಗಳು 4096, 14 ಬಿಟ್‌ನಲ್ಲಿ 16,384. ತಿದ್ದುಪಡಿ ಎಲ್ಲ ಮುಗಿದ ಮೇಲೆ ಚೂರು ಗ್ರೇನ್, ಅಂದರೆ ಮರಳಿನಂಥ ಸಣ್ಣ ಚುಕ್ಕೆಗಳನ್ನು, ಸೇರಿಸಿದರೂ ಪಟ್ಟೆಗಳು ಕರಗುತ್ತವೆ.

ಹಾಗೆಯೇ ಸೂರ್ಯ ಮುಳುಗಿದ ಮೇಲೆ ಪಡುವಣಕ್ಕೇ ನೋಡುತ್ತ ನಿಲ್ಲಬೇಡಿ, ಮೂಡಣಕ್ಕೆ ತಿರುಗಿ. ಮುಳುಗಿ ಹತ್ತು ಹದಿನೈದು ನಿಮಿಷದಲ್ಲಿ ಪೂರ್ವದ ಅಂಚಿನಲ್ಲಿ ಬೂದುನೀಲಿಯ ಪಟ್ಟಿಯೊಂದು ಏಳುತ್ತದೆ, ಅದರ ಮೇಲೆ ಗುಲಾಬಿ. ಕೆಳಗಿನದು ಭೂಮಿಯ ನೆರಳು, ನಾವು ನಿಂತ ಭೂಮಿಯ ನೆರಳೇ ವಾತಾವರಣದ ಮೇಲೆ ಬಿದ್ದದ್ದು. ಮನೆ ಮರಗಳ ನಡುವೆ ಇದು ಮರೆಯಾಗುತ್ತದೆ. ನಮ್ಮ ಎರೆಹೊಲಗಳ ಬಯಲಿನಲ್ಲಿ ಅಂಚಿನಿಂದ ಅಂಚಿಗೆ ಕಾಣುತ್ತದೆ. ಚಿತ್ರದಲ್ಲಿ ಹೊಲ ಕಾಲುಭಾಗ ಸಾಕು, ಉಳಿದದ್ದೆಲ್ಲ ಆಕಾಶಕ್ಕೆ ಬಿಡಿ.

ಪ್ರಶ್ನೆ: ಶಹಾಬಾದ್ ಕಲ್ಲಿನ ಗಣಿಯ ಆಳವನ್ನು ತೋರಿಸುವುದು ಹೇಗೆ?
— ಕಲ್ಲು ಪಾಲಿಶ್ ಮಾಡುವವರು, ಶಹಾಬಾದ್

ಉತ್ತರ: ನಿಮಗೆ ಸಾಕ್ಷಿ ಹುಡುಕುವ ಕಷ್ಟವಿಲ್ಲ. ಆ ಸುಣ್ಣಕಲ್ಲಿನ ಪದರಗಳು ಬಹುತೇಕ ಸಮಮಟ್ಟಕ್ಕೇ ಮಲಗಿವೆ. ಕ್ಯಾಮೆರಾವನ್ನು ಪದರಕ್ಕೆ ಕೂಡಿಸಿ ಹಿಡಿಯಿರಿ, ತಳದಲ್ಲಿ ಕೆಲಸ ಮಾಡುವ ಒಬ್ಬರು ಚೌಕಟ್ಟಿನಲ್ಲಿ ಬರಲಿ, ಅವರ ಒಪ್ಪಿಗೆ ಕೇಳಿ. ಬೆಳಗ್ಗೆ ಹೋಗಿ. ಬಿಸಿಲೇರಿದ ಮೇಲೆ ಕಲ್ಲು ಬೆಳಕನ್ನು ಎಲ್ಲ ಕಡೆಗೂ ಎರಚಿ ಆಳವನ್ನು ಅಳಿಸುತ್ತದೆ. ನೀರು ನಿಂತ ಹಳೆಯ ಗುಂಡಿಗಳ ಅಂಚಿಗೆ ಯಾವ ಚಿತ್ರಕ್ಕಾಗಿಯೂ ಹೋಗಬೇಡಿ, ಅಂಚಿನ ಪದರದ ಕೆಳಗೆ ಏನೂ ಇಲ್ಲದಿರಬಹುದು.

ಪ್ರಶ್ನೆ: ನಮ್ಮ ತಂದೆ ಬಿದರಿ ಕೆಲಸದವರು. ಮಾರಾಟಕ್ಕೆಂದು ಸುರಾಹಿಯ ಫೋಟೊ ತೆಗೆದರೆ ಕಪ್ಪು ಮೈ ಚಪ್ಪಟೆಯಾಗಿ, ಹೂಜಿಯ ಆಕಾರವನ್ನು ಕತ್ತರಿಯಲ್ಲಿ ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ. ಫ್ಲ್ಯಾಶ್ ಹಾಕಿದರೆ ಬಿಳಿ ಚುಕ್ಕೆ ಬೀಳುತ್ತದೆ.
— ಯುವಕ, ಬೀದರ್

ಉತ್ತರ: ತಂದೆಯವರ ಕೈಕೆಲಸಕ್ಕೆ ಫ್ಲ್ಯಾಶ್ ಬೇಡವೇ ಬೇಡ. ಬಿದರಿಯ ಪಾತ್ರೆ ಸತುವು ಹೆಚ್ಚಾಗಿ, ತಾಮ್ರ ಸ್ವಲ್ಪ ಸೇರಿದ ಲೋಹದ್ದು. ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿ ಹಚ್ಚಿದಾಗ ಆ ಲೋಹ ಕಪ್ಪಾಗುತ್ತದೆ, ಕೂರಿಸಿದ ಬೆಳ್ಳಿ ಹಾಗೆಯೇ ಬೆಳ್ಳಗೆ ಉಳಿಯುತ್ತದೆ. ಅಂದರೆ ನಿಮ್ಮ ಚೌಕಟ್ಟಿನಲ್ಲಿ ತೀರ ಕಪ್ಪು ಮತ್ತು ತೀರ ಬಿಳಿ ಎರಡೇ ಇವೆ, ನಡುವಿನದು ಇಲ್ಲ. ದುಂಡಗೆ ಕಾಣಬೇಕಾದರೆ ಆ ನಡುವಿನ ಇಳಿಜಾರನ್ನು ನೀವೇ ಬೆಳಕಿನಿಂದ ಹಚ್ಚಬೇಕು.

ಬಿಸಿಲು ನೇರ ಬೀಳದ ಕಿಟಕಿಯ ಪಕ್ಕ ಸುರಾಹಿ ಇಡಿ. ಕಿಟಕಿಗೆ ಒಗೆದ ಬಿಳಿ ಧೋತರ ಇಳಿಬಿಡಿ. ಹೊಟ್ಟೆಯ ಒಂದು ಬದಿಯಲ್ಲಿ ಉದ್ದನೆಯ ಬೂದು ಬೆಳಕು ಮೂಡಿ, ನಡುವಿಗೆ ಬರುತ್ತ ಕಪ್ಪಿಗೆ ಇಳಿಯುತ್ತದೆ. ಸುರಾಹಿಯನ್ನು ಕಿಟಕಿಗೆ ಹತ್ತಿರ ತಂದರೆ ಬೆಳಕಿನ ಇಳಿತ ಕಡಿದಾಗುತ್ತದೆ, ದೂರ ಒಯ್ದರೆ ನಿಧಾನವಾಗುತ್ತದೆ. ಒಂದೊಂದು ಗೇಣು ಸರಿಸುತ್ತ ನೋಡಿ, ಕುತ್ತಿಗೆಯ ತಿರುವೂ ಹೊಟ್ಟೆಯ ಉಬ್ಬೂ ಒಟ್ಟಿಗೆ ತಿಳಿಯುವ ಒಂದು ಜಾಗ ಸಿಗುತ್ತದೆ. ಎದುರು ಬದಿಯಲ್ಲಿ ಬಿಳಿ ರಟ್ಟನ್ನು ನಿಲ್ಲಿಸಿದರೆ ಆ ಕಡೆಯ ಅಂಚು ಹಿನ್ನೆಲೆಯಿಂದ ಬೇರ್ಪಡುತ್ತದೆ. ನೀವು ತೊಟ್ಟ ಅಂಗಿ ಗಾಢ ಬಣ್ಣದ್ದಿರಲಿ. ನುಣುಪು ಮೈ ನಿಮ್ಮನ್ನೂ ಪ್ರತಿಫಲಿಸುತ್ತದೆ.

ಹಿನ್ನೆಲೆಗೆ ಬೂದು ಹಾಳೆಯೊಂದನ್ನು ಮೇಜಿನಿಂದ ಗೋಡೆಗೆ ಮಡಿಕೆಯಿಲ್ಲದೆ ಬಾಗಿಸಿ ಏರಿಸಿ. ಕ್ಯಾಮೆರಾ ಕಪ್ಪನ್ನು ಕಂಡು ಬೆಳಕು ಹೆಚ್ಚಿಸಲು ನೋಡುತ್ತದೆ, ಎಕ್ಸ್‌ಪೋಶರನ್ನು ಒಂದು ಹಂತ ತಗ್ಗಿಸಿ ಬೆಳ್ಳಿಯ ಬಳ್ಳಿಗೆರೆಗಳು ಉಕ್ಕದಂತೆ ಹಿಡಿಯಿರಿ. ಹತ್ತಿರ ಹೋಗಿ ತೆಗೆದರೆ ಹೊಟ್ಟೆ ಊದಿಕೊಳ್ಳುತ್ತದೆ. ನಾಲ್ಕೈದು ಹೆಜ್ಜೆ ಹಿಂದೆ ಸರಿದು ಝೂಮ್ ಹಾಕಿ, ಮೊಬೈಲನ್ನು ಹೊಟ್ಟೆಯ ಮಟ್ಟಕ್ಕೆ ಇಟ್ಟುಕೊಳ್ಳಿ. ಬೆಲೆ ಕೇಳಿ ಬರುವವರಿಗೆ ಪೂರ್ತಿ ಸುರಾಹಿಯ ಜೊತೆ, ಓರೆ ಬೆಳಕಿನಲ್ಲಿ ತೆಗೆದ ಒಂದು ಅಂಗೈ ಅಗಲದ ಕುಸುರಿಯ ಚಿತ್ರವನ್ನೂ ಕಳಿಸಿ. ತಂತಿ ಕೂರಿಸಿದ ಕೈಯ ನಯ ಅದರಲ್ಲಿ ತಿಳಿಯುತ್ತದೆ.